ರೆಕ್ಕೆಯ ಮೇಲಿನ ಬಿಳಿಯ ಪಟ್ಟೆ

ನಮ್ಮ ಮನೆಯಲ್ಲಿ ಒಂದು ಹೇಂಟೆಯ ಸಲುವಾಗಿ ನಡೆದ ವ್ಯಾಜ್ಯವನ್ನು ವಾಚಕರ ಮುಂದೆ ಇಡಬೇಕೆಂದು ಮಾಡಿದ್ದೇವೆ. ಕೋಳಿಯ ಮಾತಿನಲ್ಲಿ ಓದುವಂಥದೇನಿದೆಯೆಂದು ಯಾರೂ ಹಾಳೆಯನ್ನು ಮಗುಚಬಾರದಾಗಿ ಬೇಡಿಕೆ. ಈ ವ್ಯಾಜ್ಯದ ತೀರ್ಪನ್ನು ಕೊಟ್ಟವರು ನಾವು. ಅದು ತಪ್ಪು ತೀರ್ಪೆಂಬದು ನಮಗೆ ಗೊತ್ತಾಗುವಷ್ಟರಲ್ಲಿ ಶಿಕ್ಷೆಯು ಜಾರಿಯಾಗಿ ಹೋಗಿತ್ತು.

ನಮ್ಮದು ಚಿಕ್ಕೋಡಿ ತಾಲೂಕಿನ ಹೊಳೆದಂಡೆಯ ಊರು. ದೂಧಗಂಗೆಯು ಕೃಷ್ಣೆಯನ್ನು ಕೂಡುವ ಕಲ್ಲೋಳವು ನಮಗೆ ಬಹಳ ದೂರವಲ್ಲ. ಎತ್ತ ನೋಡಿದರೂ ಕಬ್ಬು. ಕಬ್ಬು ಇಲ್ಲದ ಹೊಲದಲ್ಲಿ ಮುಂಗಾರಿಗೆ ಸೋಯಾಬೀನು. ಇಂಥ ಊರುಗಳ ಒಕ್ಕಲು ಮನೆಗಳಲ್ಲಿ ಕೋಳಿಯೆಂಬದು ಹೆಣ್ಣುಮಕ್ಕಳ ಕೈಗಂಟು. ಗಂಡಸರು ಅದರ ಲೆಕ್ಕ ಕೇಳುವ ಪದ್ಧತಿಯಿಲ್ಲ. ತತ್ತಿ ಮಾರಿದ ದುಡ್ಡಿನಲ್ಲಿ ಬಳೆ, ಮಕ್ಕಳ ಪಾಟಿ, ಪಂಚಮಿಯ ಕೊಬ್ಬರಿ ಇವೆಲ್ಲ ನಮಗೆ ತಿಳಿಯದಂತೆಯೇ ಮನೆ ಸೇರುವವು. 2019ರ ಬೇಸಿಗೆಯಲ್ಲಿ ನಮ್ಮ ಮಗನ ಲಗ್ನವಾಯಿತು. ಸೊಸೆಯ ತವರು ಕಾಗವಾಡ ತಾಲೂಕಿನಲ್ಲಿ, ಉಗಾರದ ಕಡೆಗೆ. ಮಗಳನ್ನು ಬಿಟ್ಟು ಹೋಗಲು ಬಂದ ಬೀಗಿತ್ತಿಯವರು ಒಂದು ಬುಟ್ಟಿಯಲ್ಲಿ ಕಂದು ಬಣ್ಣದ ಜವಾರಿ ಹೇಂಟೆಯನ್ನು ತಂದಿದ್ದರು. “ಹುಡುಗಿ ಕೈಯಾಗ ನಾಕ ರೂಪಾಯಿ ಆಡಲಿ ಅಂತ ತಂದೇನ್ರಿ” ಎಂದು ಅವರು ನಾಚುತ್ತ ಹೇಳಿದ ಮಾತು ಈಗಲೂ ನಮ್ಮ ಕಿವಿಯಲ್ಲಿದೆ.

ಆಷಾಢದಲ್ಲಿ ಆ ಹೇಂಟೆಯು ಕಾವಿಗೆ ಕುಳಿತಿತು. ಆ ದಿನಗಳಲ್ಲಿ ಅಥಣಿ ತಾಲೂಕಿನ ಮೂಡಣ ಸೀಮೆಯಿಂದ, ತೆಲಸಂಗದ ಬದಿಯಿಂದ, ನಮ್ಮ ತಂಗಿಯು ಬಂದಿದ್ದಳು. ಹೇಂಟೆಯ ಮೈಕಟ್ಟನ್ನು ಮೆಚ್ಚಿ, ಅದರ 6 ತತ್ತಿಗಳನ್ನು ಜೋಳದ ಡಬ್ಬಿಯಲ್ಲಿ ಹುಗಿದುಕೊಂಡು ಹೋಗಿ ತನ್ನ ಮನೆಯ ಕೋಳಿಯ ಕೆಳಗೆ ಇಟ್ಟಳು. ಈ ಸಣ್ಣ ಸಂಗತಿಯನ್ನು ವಾಚಕರು ಮರೆಯಬಾರದು; ಮುಂದೆ ಸಾಕ್ಷಿ ನುಡಿಯುವದು ಇದೇ. 21 ದಿನಗಳಾದ ಮೇಲೆ, ಜುಲೈ ತಿಂಗಳ ಕಡೆಯ ವಾರದಲ್ಲಿ, ನಮ್ಮಲ್ಲಿ 7 ಮರಿಗಳು ತತ್ತಿಯೊಡೆದು ಬಂದವು. ಬೆನ್ನ ಮೇಲೆ ಅಳಿಲಿನಂತೆ ಗೆರೆಗಳುಳ್ಳ, ಕೈಯಲ್ಲಿ ಹಿಡಿದರೆ ಬರಿ ಬಿಸಿಯೇ ಎಂಬಂಥ ಮರಿಗಳು.

ಆಗಸ್ಟ್ 5ಕ್ಕೆ ನಾಗರ ಪಂಚಮಿ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿಯಾಗಿತ್ತು, ಉಂಡಿ ಕಟ್ಟಿಯಾಗಿತ್ತು. ಆದರೆ ಘಟ್ಟದ ಮೇಲೆ ಮಳೆಯು ಹೊಯ್ಯುತ್ತಿದ್ದುದು ನಿಲ್ಲಲೊಲ್ಲದು. ಕೊಯ್ನೆಯ ನೀರೂ ಸೇರಿ ಕೃಷ್ಣೆಯು ಏರಿದಳು. ದೂಧಗಂಗೆ, ವೇದಗಂಗೆಗಳು ಹಿಂದಕ್ಕೆ ಒತ್ತಿ ಹೊಲಗಳಲ್ಲಿ ಹರಡಿದವು. ಕಲ್ಲೋಳ–ಯಡೂರಿನ ಸೇತುವೆಯ ಮೇಲೆ ನೀರು ಬರುವದು ನಮಗೆ ಹೊಸತಲ್ಲ, ಪ್ರತಿ ಮಳೆಗಾಲದ ಮಾತು. ಈ ಸಲ ನೀರು ನಮ್ಮ ಕಟ್ಟೆಗೇ ಬಂದಿತು. ಹಬ್ಬದ ಮರುದಿನ ದನಗಳನ್ನೂ ಕಾಗದಪತ್ರಗಳ ಟ್ರಂಕನ್ನೂ ನಮ್ಮ ವೃದ್ಧ ತಾಯಿಯವರನ್ನೂ ಟ್ರ್ಯಾಕ್ಟರಿನಲ್ಲಿ ಏರಿಸಿಕೊಂಡು ಹೊರಟೆವು. ಸೊಸೆಯು ಕೋಳಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಮೇಲೆ ತನ್ನ ಸೆರಗನ್ನು ಹೊದಿಸಿ ಕುಳಿತಿದ್ದಳು.

ಚಿಕ್ಕೋಡಿಯಲ್ಲಿ ನಮ್ಮ ತಮ್ಮನ ಮನೆಯ ಮಾಳಿಗೆಯ ಮೇಲೆ 17 ದಿನ ಕಳೆದೆವು. ಇಕ್ಕಟ್ಟಾದ ಓಣಿ, ನೆರೆಯವರ ಬೆಕ್ಕುಗಳು, ಬೀದಿಯ ನಾಯಿಗಳು. ಕೋಳಿಗಳನ್ನು ಕೆಳಗೆ ಬಿಡಕೂಡದೆಂದು ನಾವು ಅಪ್ಪಣೆ ಮಾಡಿದೆವು. ಮೆಟ್ಟಿಲ ಮೂಲೆಯಲ್ಲಿ ಡಾಲಿಯ ಕೆಳಗೆ ತಾಯಿ ಮರಿಗಳನ್ನು ಕವುಚಿ ಇಟ್ಟು, ಎರಡು ಹೊತ್ತು ಜೋಳದ ನುಚ್ಚು, ಒಂದು ಬಟ್ಟಲು ನೀರು. ಇಷ್ಟೇ ಅವುಗಳ ಸಂಸಾರ. ಓಣಿಯ ಮಕ್ಕಳು ತಾಸಿಗೊಮ್ಮೆ ಡಾಲಿಯನ್ನೆತ್ತಿ ಮರಿಗಳನ್ನು ಹಿಡಿದಾಡುವದು ಬೇರೆ. ಒಂದು ದಿನ ಸೊಸೆಯು ಬಾಗಿಲ ಮರೆಯಲ್ಲಿ ನಿಂತು, “ಮಾವಾರ, ಮರಿಗೋಳಿಗೆ ಹುಳಾ-ಹುಪ್ಪಡಿ ಬೇಕರಿ. ಹಿತ್ತಲದಾಗ ಒಂದ ತಾಸ ನಾ ಕಾಯಕೋತ ಕುಂಡ್ರತೇನಿ, ಬಿಡಲೇನ್ರಿ?” ಎಂದು ಕೇಳಿದಳು. ನಾವು ಹೊಳೆಯ ನೀರಿನ ಸುದ್ದಿಯನ್ನು ಕೇಳುತ್ತ ಕುಳಿತಿದ್ದೆವು. “ಮಂದಿಗೆ ಉಣ್ಣಾಕ ಗತಿ ಇಲ್ಲದಾಗ ಕೋಳಿಗೆ ಹುಳಾ ಹುಡಕ್ತಿಯೇನ್ವಾ?” ಎಂದುಬಿಟ್ಟೆವು. ಅವಳು ಮತ್ತೆ ಕೇಳಲಿಲ್ಲ. ಆ ದಿನಗಳಲ್ಲಿ ಎರಡು ಮರಿ ಸತ್ತವು.

ನೀರು ಇಳಿದ ಮೇಲೆ ಊರಿಗೆ ಬಂದು ಕಂಡದ್ದನ್ನು ಬಹಳ ವರ್ಣಿಸುವ ಇಚ್ಛೆ ನಮಗಿಲ್ಲ. ಪಡುವಣ ಗೋಡೆಯು ಬಿದ್ದಿತ್ತು. ಕಾಳಿನ ಚೀಲಗಳು ಮೊಳೆತು ನಾರುತ್ತಿದ್ದವು. ನಿಂತ ಕಬ್ಬು ಸುಳಿಯಲ್ಲಿ ಕೊಳೆತಿತ್ತು. ಹಾನಿಯಾದ ಮನೆಯಲ್ಲಿ ಮನಸ್ಸುಗಳು ಒಂದು ಕಾರಣವನ್ನು ಹುಡುಕಹತ್ತುವವು. ಮಳೆಯನ್ನೂ ಅಣೆಕಟ್ಟೆಯನ್ನೂ ಬೈದು ಬೇಸತ್ತ ಬಾಯಿಗಳು ಹತ್ತಿರದ ಕಾರಣವನ್ನು ಹುಡುಕುವವು. ಹೊಸ ಸೊಸೆ ಬಂದ ವರ್ಷವೇ ಹೀಗಾಯಿತೆಂದು ಮೊದಲು ಯಾರು ಅಂದರೋ ತಿಳಿಯದು. ನಮ್ಮ ಕೇರಿಯಲ್ಲಿ ಕಾಲ್ಗುಣದ ಮಾತು ಒಮ್ಮೆ ಹುಟ್ಟಿತೆಂದರೆ ಅದಕ್ಕೆ ತಂದೆತಾಯಿಗಳಿರುವದಿಲ್ಲ.

ಗಣೇಶ ಚೌತಿ ಮುಗಿದು ಒಂದು ವಾರವಾಗಿತ್ತು. ಉಳಿದ 5 ಮರಿಗಳು ತಿಪ್ಪೆಯನ್ನು ಕೆದರುತ್ತ ಅಡ್ಡಾಡುತ್ತಿದ್ದವು. ಅವುಗಳಲ್ಲೊಂದು ಮೈಮುರಿದು ರೆಕ್ಕೆಯನ್ನು ಬಿಚ್ಚಿದಾಗ ನಮ್ಮ ತಾಯಿಯವರು ಕೂಗಿದರು. ಕಂದು ಗರಿಗಳ ನಟ್ಟನಡುವೆ, ಒಂದು ಗರಿಯಿಂದ ಇನ್ನೊಂದಕ್ಕೆ ದಾರ ಹಿಡಿದು ಎಳೆದಂತೆ, ಎರಡು ಬೆರಳಗಲದ ಬಿಳಿಯ ಪಟ್ಟೆ! ಹಿಡಿದು ನೋಡಿದರೆ ಐದಕ್ಕೆ ಐದೂ ಹಾಗೆಯೇ. ಎಡ ರೆಕ್ಕೆಯಲ್ಲಿದ್ದಂತೆ ಬಲ ರೆಕ್ಕೆಯಲ್ಲಿಯೂ. ನೆರೆಯ ಹೆಂಗಸರು ಬಂದು ನೋಡಿದರು. ಒಬ್ಬರು ದೃಷ್ಟಿಯೆಂದರು. ನಮ್ಮ ತಾಯಿಯವರು, “ದೃಷ್ಟಿ ಅಲ್ಲ ಏನಲ್ಲ, ತಳೀನ ಕೆಟ್ಟದ್ದು. ಬಂದಲ್ಲಿಂದ ಹಂಗ ಬಂದೈತಿ” ಎಂದರು. ಆ ಮಾತು ಕೋಳಿಗೆ ಅಂದದ್ದೋ ಕೋಳಿಯನ್ನು ತಂದವಳಿಗೆ ಅಂದದ್ದೋ ಕೇಳಿದವರು ತಿಳಿದುಕೊಳ್ಳಬೇಕು. ಸೊಸೆಯು ತಿಳಿದುಕೊಂಡಳು. ನಾವೂ ತಿಳಿದುಕೊಂಡೆವು, ಆದರೆ ಬಾಯಿ ತೆರೆಯಲಿಲ್ಲ. ಮಾತು ಬೆಳೆಯುವ ಮೊದಲೇ ಕೊನೆಗಾಣಿಸಬೇಕೆಂಬ ಜಾಣತನದಿಂದ ತಾಯಿಹೇಂಟೆಯನ್ನು ರಾಯಬಾಗದ ಸಂತೆಗೆ ಒಯ್ದು ಮಾರಿ ಬಂದೆವು. ದುಡ್ಡನ್ನು ಸೊಸೆಯ ಕೈಗೆ ಕೊಡಲು ಹೋದರೆ ಅವಳು, “ಅತ್ತಿಯಾರ ಕಡೆ ಕೊಡ್ರಿ” ಎಂದು ಒಳಗೆ ಹೋದಳು.

ದೀಪಾವಳಿಗೆ ತಂಗಿಯ ಊರಿಗೆ ಹೋಗುವ ಪ್ರಸಂಗ ಬಂದಿತು. ಅಥಣಿಯ ಆ ಸೀಮೆಯು ನಮ್ಮಂತಲ್ಲ. ನಮ್ಮಲ್ಲಿ ಮನೆ ತೇಲಿ ಹೋಗುವಾಗ ಅಲ್ಲಿ ಕುಡಿಯುವ ನೀರಿನ ಚಿಂತೆ. ಅಂಗಳದಲ್ಲಿ 4 ಮರಿಗಳು, ಈಗ ಮರಿಗಳೇನು ಬಂತು, ಎಳೆಯ ಹುಂಜ ಹೇಂಟೆಗಳು, ಮಣ್ಣಾಡುತ್ತಿದ್ದವು. ಅವು ನಮ್ಮ ಹೇಂಟೆಯ ತತ್ತಿಗಳಿಂದಾದವೆಂದು ತಂಗಿಯು ಹೇಳಿದಾಗ ನಾವು ಚಹದ ಬಟ್ಟಲನ್ನು ಕೆಳಗಿಟ್ಟೆವು. ಒಂದನ್ನು ಹಿಡಿಸಿ ರೆಕ್ಕೆಯನ್ನು ಬಿಚ್ಚಿ ನೋಡಿದೆವು. ಇನ್ನೊಂದನ್ನು ನೋಡಿದೆವು. ಬಿಳುಪಿನ ಸುಳಿವೇ ಇಲ್ಲ! ಅದೇ ತಾಯಿ, ನಮ್ಮ ಅಂಗಳದ ಅದೇ ಹುಂಜ, ಅದೇ ವಾರದ ಹುಟ್ಟು. ತಳಿಯೇ ಕೆಟ್ಟದ್ದಾಗಿದ್ದರೆ ಅದು ಅಥಣಿಯವರೆಗೆ ಬರುವಾಗ ದಾರಿಯಲ್ಲಿ ಎಲ್ಲಿ ಇಳಿದು ಹೋಯಿತು?

ಮನೆಗೆ ಬಂದ ರಾತ್ರಿಯೇ ಕಂದೀಲು ಹಿಡಿದು—ಬ್ಯಾಟರಿಯ ಸೆಲ್ಲು ಆ ದಿನ ಮುಗಿದಿತ್ತು—ಗೂಡಿನಲ್ಲಿ ಮಲಗಿದ್ದ ಕೋಳಿಯೊಂದನ್ನು ಎತ್ತಿಕೊಂಡೆವು. ಕೋಳಿಯು ರಾತ್ರಿಯಲ್ಲಿ ಬಲು ಸೌಮ್ಯ ಪ್ರಾಣಿ. ರೆಕ್ಕೆಯ ಒಳಗಡೆಯ ಗರಿಗಳು ಉದುರಿ ಹೊಸವು ಬಂದಿದ್ದವು. ಅವು ಬುಡದಿಂದ ತುದಿಯವರೆಗೆ ಶುದ್ಧ ಕಂದು. ಹೊರಗಡೆಯ ಹಳೆಯ ಗರಿಗಳಲ್ಲಿ ಮಾತ್ರ ಪಟ್ಟೆ ಉಳಿದಿತ್ತು. ಗೂಡಿನ ಕೆಳಗೆ ಬಿದ್ದಿದ್ದ ಹಳೆಯ ಗರಿಯೊಂದನ್ನು ಆರಿಸಿ ಪಂಚಾಂಗದಲ್ಲಿ ಇಟ್ಟುಕೊಂಡೆವು. ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಓದಿದ ನಮ್ಮ ಬಂಧುವೊಬ್ಬರು ಬಂದಾಗ ಅವರ ಮುಂದಿಟ್ಟೆವು. ಅವರು ನಕ್ಕು, “ಕಾಕಾ, ಇದರ ತುದಿಯಿಂದ ಬುಡಕ್ಕೆ ಓದಿಕೋತ ಬರ್ರಿ” ಎಂದರು. ಅವರು ಅಂದು ಓದಿಸಿದ್ದನ್ನೂ, ಆಮೇಲೆ ನಾವಾಗಿ ತಿಳಿದುಕೊಂಡದ್ದನ್ನೂ ಇಲ್ಲಿ ಹೇಳುವೆವು.

ಗರಿಯು ಚರ್ಮದೊಳಗಿನ ಒಂದು ಸಣ್ಣ ಕುಳಿಯಲ್ಲಿ ಹುಟ್ಟುವದು. ಮೊದಲು ಹೊರಬೀಳುವದು ತುದಿ, ಆಮೇಲೆ ನಡುವು, ಕಟ್ಟಕಡೆಗೆ ಬುಡ. ಬೆಳೆಯುವ ಕಾಲದಲ್ಲಿ ಅದರ ದಂಟಿನೊಳಗೆ ರಕ್ತವು ಆಡುತ್ತಿರುವದು. ಬಣ್ಣವನ್ನು ತುಂಬುವ ಕಣಗಳು ಆಗಲೇ, ಆ ಕುಳಿಯಲ್ಲಿಯೇ, ತಮ್ಮ ಕೆಲಸವನ್ನು ಮುಗಿಸಬೇಕು. ಬೆಳೆದು ಮುಗಿದ ಮೇಲೆ ರಕ್ತವು ಹಿಂದೆ ಸರಿದು ಗರಿಯು ನಮ್ಮ ಕೂದಲು ಉಗುರುಗಳಂತೆ ನಿರ್ಜೀವವಾಗಿಬಿಡುವದು. ಮುಂದೆ ಎಷ್ಟು ಒಳ್ಳೆಯದನ್ನು ತಿನಿಸಿದರೂ ಆ ಗರಿಯ ಬಣ್ಣವು ತಿದ್ದಲಾರದು. ಅದು ಉದುರಿ ಬೇರೆಯದು ಬರಬೇಕು. ಮಗ್ಗದ ಮೇಲೆ ಸೀರೆಯನ್ನು ನೇಯುವಾಗ ಬಣ್ಣದ ನೂಲು ತೀರಿದ ನೇಕಾರನು ಒಂದು ಗೇಣು ಬಿಳಿಯ ನೂಲನ್ನೇ ಹೊಡೆದು, ಬಣ್ಣ ದೊರೆತ ಮೇಲೆ ಮತ್ತೆ ಬಣ್ಣ ಹಾಕಿದನೆನ್ನಿರಿ. ಆ ಗೇಣು ಸೀರೆ ಹರಿಯುವ ತನಕ ಅಲ್ಲಿಯೇ ಇರುವದಷ್ಟೆ?

ನಮ್ಮ ಮರಿಗಳ ಗರಿಯ ತುದಿಯು ಕಂದು. ಅದು ಹೊಳೆ ಬರುವ ಮೊದಲು, ತಾಯಿಯೊಡನೆ ತಿಪ್ಪೆಯಲ್ಲಿ ಹುಳ ಹೆಕ್ಕುತ್ತಿದ್ದಾಗಿನದು. ಬುಡವೂ ಕಂದು, ಅದು ಊರಿಗೆ ಮರಳಿದ ಮೇಲಿನದು. ನಡುವಿನ ಬಿಳುಪು ಚಿಕ್ಕೋಡಿಯ ಮಾಳಿಗೆಯದು. ಮರಿಯ ಮೊದಲ ಗರಿಗಳೆಲ್ಲ ಬಹುಮಟ್ಟಿಗೆ ಕೂಡಿಯೇ ಬೆಳೆಯುವದರಿಂದ ಪಟ್ಟೆಯು ಎಲ್ಲ ಗರಿಗಳಲ್ಲಿಯೂ ಒಂದೇ ಮಟ್ಟದಲ್ಲಿ, ದಾರ ಎಳೆದಂತೆ ಬಿದ್ದಿತ್ತು.

ಕಪ್ಪು ಮತ್ತು ಕಂದು ಬಣ್ಣಗಳನ್ನು ಕೊಡುವ ಮೆಲನಿನ್ ಎಂಬ ದ್ರವ್ಯವನ್ನು ಹಕ್ಕಿಯು ತನ್ನ ಮೈಯಲ್ಲಿಯೇ ಮಾಡಿಕೊಳ್ಳುವದು. ಆದರೆ ಮಾಡುವ ಸಾಮಗ್ರಿಯು ಹೊಟ್ಟೆಯಿಂದಲೇ ಬರಬೇಕು. ಸಸಾರಜನಕದ ಕೆಲವು ಅಂಶಗಳು ಬೇಕು, ತಾಮ್ರ ಬೇಕು, ಕಬ್ಬಿಣ ಬೇಕು, ಫೋಲಿಕ್ ಆಮ್ಲವೆಂಬ ಜೀವಸತ್ವ ಬೇಕು. ಬಣ್ಣದ ತಳಿಯ ಕೋಳಿಮರಿಗಳಿಗೆ ಇವು ಸಾಲದಾದಾಗ ಗರಿಯು ಬಣ್ಣಗೆಡುವದೆಂದು ಶಾಸ್ತ್ರಜ್ಞರು ಕಂಡಿದ್ದಾರೆ. ಅಮೇರಿಕದಲ್ಲಿ 1946ರಷ್ಟು ಹಿಂದೆಯೇ ಕಂಚುಬಣ್ಣದ ಟರ್ಕಿ ಕೋಳಿಯ ಮರಿಗಳಿಗೆ ಲೈಸೀನ್ ಎಂಬ ಒಂದೇ ಅಂಶವನ್ನು ಕಡಿಮೆ ಮಾಡಿ ನೋಡಿ, ರೆಕ್ಕೆಯಲ್ಲಿ ಬಿಳಿಯ ಗರಿಗಳು ಬರುವವೆಂದು ಪ್ರಕಟಿಸಿದರು. ಈ ಲೈಸೀನು ನಮ್ಮ ಜೋಳದಲ್ಲಿ ತೀರ ಕಡಿಮೆ, ಗೋವಿನಜೋಳದಲ್ಲಿಯೂ ಕಡಿಮೆ. ಬೇಳೆಕಾಳುಗಳಲ್ಲಿ, ಹುಳಗಳಲ್ಲಿ ಧಾರಾಳ. ಜೋಳದ ರೊಟ್ಟಿಯನ್ನು ಉಣ್ಣುವ ನಮ್ಮ ಸೀಮೆಯವರು ಅದರ ಜೊತೆಗೆ ಬೇಳೆಯನ್ನೋ ಕಾಳಿನ ಪಲ್ಯವನ್ನೋ ಬಿಟ್ಟಿರುವದಿಲ್ಲ; ನಾವು ಉಣ್ಣದ ಬರಿ ಜೋಳವನ್ನು 17 ದಿನ ಆ ಮರಿಗಳಿಗೆ ಉಣಿಸಿದೆವು. ಮೇಲೆ ಹೇಳಿದವುಗಳಲ್ಲಿ ಅವಕ್ಕೆ ಯಾವದು ಕೊರತೆಯಾಯಿತೆಂದು ತೂಗಿ ನೋಡಿದವರಿಲ್ಲ. ಬರಿ ನುಚ್ಚು ತಿಂದು ಬೆಳೆಯುವ ಮರಿಗೆ ಒಂದೇ ಕೊರತೆಯಾಗುವದೂ ಇಲ್ಲ.

ಕೊರತೆಯೆಂದರೆ ಯಾವಾಗಲೂ ಬಿಳುಪೇ ಎಂದೂ ತಿಳಿಯಬಾರದು. ಹೊಂಬಣ್ಣದ ಕೆಲವು ವಿಲಾಯತಿ ತಳಿಗಳ ಮರಿಗಳಿಗೆ ಡಿ ಜೀವಸತ್ವವು ಸಾಲದಿದ್ದರೆ ಗರಿಯು ಅಸಹಜವಾಗಿ ಕಪ್ಪಾಗುವದಂತೆ. ಹಳದಿ ಕೆಂಪು ಬಣ್ಣಗಳದ್ದು ಬೇರೆಯೇ ಕಥೆ. ಅವುಗಳಲ್ಲಿ ಬಹಳಷ್ಟನ್ನು ಹಕ್ಕಿಯು ತಾನೇ ಮಾಡಲಾರದು, ಆಹಾರದಿಂದಲೇ ಪಡೆಯಬೇಕು. ನಮ್ಮ ಕೃಷ್ಣೆಯು ಕೆಳಗೆ ಆಲಮಟ್ಟಿಯಲ್ಲಿ ಹಿನ್ನೀರಾಗಿ ನಿಂತಲ್ಲಿಗೆ ಬರುವ ರಾಜಹಂಸಗಳನ್ನು ನೋಡಿದವರು ಇದ್ದೀರಿ. ಆ ಗುಲಾಬಿ ಬಣ್ಣದ ಹಕ್ಕಿಯ ಮರಿಯು ಬೂದು ಬಣ್ಣದ್ದು. ಪಾಚಿಯನ್ನೂ ನೀರಿನ ಸೂಕ್ಷ್ಮ ಜೀವಿಗಳನ್ನೂ ವರ್ಷಗಟ್ಟಲೆ ತಿಂದು ಅದು ಗುಲಾಬಿಯಾಗುವದು. ಯುರೋಪದ ಚೇಕಡಿ ಹಕ್ಕಿಯ ಮರಿಗಳ ಎದೆಯ ಹಳದಿಯು, ತಾಯಿತಂದೆಗಳು ತಂದುಣಿಸುವ ಹಸಿರು ಕಂಬಳಿಹುಳಗಳಿಂದ ಬರುವದು. ಸ್ವಿಟ್ಜರ್ಲೆಂಡಿನಲ್ಲಿ ಈ ಮರಿಗಳನ್ನು ಗೂಡಿನಿಂದ ಗೂಡಿಗೆ ಬದಲಿಸಿ ನೋಡಿದರು. ಹುಟ್ಟಿದ ಗೂಡಿಗೂ ಬೆಳೆದ ಗೂಡಿಗೂ ಬಣ್ಣದಲ್ಲಿ ಪಾಲಿದೆಯೆಂದು 2003ರಲ್ಲಿ ಬರೆದರು. ನಮ್ಮ ತಂಗಿಯು ಜೋಳದ ಡಬ್ಬಿಯಲ್ಲಿ ತತ್ತಿಗಳನ್ನು ಒಯ್ದು ಮಾಡಿದ ಪ್ರಯೋಗವೂ ಅದೇ ಜಾತಿಯದು. ಅವಳಿಗೆ ಇದನ್ನು ಹೇಳಿದಾಗ, ತನ್ನ ಹೆಸರನ್ನೂ ಎಲ್ಲಿಯಾದರೂ ಅಚ್ಚು ಹಾಕಿಸಿರೆಂದಳು.

ಕೋಳಿ ಸಾಕಿದ ಮನೆಯವರಿಗೆ ಒಂದು ಮಾತು ಹೇಳುವದು ಅವಶ್ಯ. ಬಿಳಿಯ ಗರಿ ಕಂಡಲ್ಲೆಲ್ಲ ಹಸಿವೆಯೇ ಕಾರಣವಲ್ಲ. ಕರಿಯ ತಳಿಗಳ ಮರಿಗಳಲ್ಲಿ ಮೊದಲ ಗರಿಗಳ ತುದಿಯು ಹುಟ್ಟುಗುಣದಿಂದಲೇ ಬೆಳ್ಳಗಿರುವದುಂಟು. ಬೂದು-ಬಿಳುಪಿನ ಗೆರೆಗೆರೆಯ ಪ್ಲೈಮೌತ್ ರಾಕ್ ತಳಿಯ ಪಟ್ಟೆಗಳು ವಂಶದಿಂದಲೇ ಬಂದವು, ಎಷ್ಟು ಸಲ ಗರಿ ಉದುರಿದರೂ ಮತ್ತೆ ಹಾಗೆಯೇ ಬರುವವು. ಕೊರತೆಯ ಪಟ್ಟೆಯಾದರೆ ಗರಿಗಳೆಲ್ಲದರಲ್ಲಿಯೂ ಒಂದೇ ಮಟ್ಟದಲ್ಲಿರುವದು. ಮೇವು ಸುಧಾರಿಸಿದ ಮೇಲೆ ಬರುವ ಹೊಸ ಗರಿಯಲ್ಲಿ ಕಾಣಿಸದು. ಹೊಸ ಗರಿ ಬರುವವರೆಗೆ, ಅಂದರೆ ಎರಡು ಮೂರು ತಿಂಗಳು, ತಾಳುವ ಸಮಾಧಾನ ಬೇಕು. ನಮಗೆ ಅದಿರಲಿಲ್ಲ.

ಈ ವಿಚಾರವನ್ನೆಲ್ಲ ಮನೆಯಲ್ಲಿ ಹೇಳಿದ ದಿನ ನಮ್ಮ ತಾಯಿಯವರು ಬಹಳ ಹೊತ್ತು ಸುಮ್ಮನಿದ್ದು, ಗರಿಯನ್ನು ತಿರುಗಿಸಿ ತಿರುಗಿಸಿ ನೋಡಿ, “ಹಂಗಾದರ ಕೂಸಿನ ಮಾತ ಖರೆ ಇತ್ತಲ್ಲೋ” ಎಂದರು. ಸೊಸೆಯನ್ನು ಅವರು ಕೂಸೆಂದದ್ದು ಅದೇ ಮೊದಲು. ಸೊಸೆಯು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳು ತಿರುಗಿ ನೋಡಲಿಲ್ಲ. ಬಡಿತದ ಸಪ್ಪಳ ಮಾತ್ರ ಕ್ಷಣಕಾಲ ನಿಂತಿತು. ನಾವು ಮರುದಿನ ರಾಯಬಾಗಕ್ಕೆ ಹೋಗಿ ಹೇಂಟೆಯನ್ನು ಕೊಂಡವನನ್ನು ಹುಡುಕಿದೆವು. ಸಂತೆಯಲ್ಲಿ ಮಾರಿದ ಕೋಳಿಯು ಎರಡು ತಿಂಗಳ ಮೇಲೆ ಸಿಕ್ಕೀತೆಂಬ ಆಸೆಯು ಹುಚ್ಚಲ್ಲದೆ ಮತ್ತೇನು! ಬರಿಗೈಯಲ್ಲಿ ಬಂದು, ಎಂಟು ದಿನ ಬಿಟ್ಟು, ಉಗಾರದ ಕಡೆಗೆ ಬೀಗರ ಮನೆಗೆ ಹೋದೆವು. ನಡೆದದ್ದನ್ನು ಮುಚ್ಚದೆ ಹೇಳಿದೆವು. ಅವರ ಊರಿಗೂ ಹೊಳೆಯ ನೀರು ಬಂದಿತ್ತು. ಅವರ ಕೋಳಿಗಳಲ್ಲಿ ಉಳಿದಿದ್ದವು ಮೂರು. ಬೀಗಿತ್ತಿಯವರು ನಮ್ಮ ಮಾತಿಗೆ ಏನೂ ಅನ್ನದೆ, ಬರುವಾಗ ಅದರಲ್ಲೊಂದನ್ನು ಬುಟ್ಟಿಯಲ್ಲಿ ಹಾಕಿ ಕೊಟ್ಟರು. ನಾವು ಬೇಡವೆನ್ನಬೇಕಾಗಿತ್ತೋ ಏನೋ. ತೆಗೆದುಕೊಂಡು ಬಂದೆವು.

ಅಂದಿನಿಂದ ಮರಿಗಳ ಮೇವಿನ ಕಾರಭಾರವು ಸೊಸೆಯದೇ. ಹಳೆಯ ಮಡಕೆಯಲ್ಲಿ ಒದ್ದೆ ಹುಲ್ಲನ್ನೂ ಸೆಗಣಿಯನ್ನೂ ತುಂಬಿ, ಒರಲೆ ಓಡಾಡುವ ಬದುವಿನ ಮೇಲೆ ಸಂಜೆಗೆ ಕವುಚಿ ಇಟ್ಟು ಬರುವಳು; ಒಂದೆರಡು ದಿನದಲ್ಲಿ ಒರಲೆ ತುಂಬಿದ ಮಡಕೆಯು ಮರಿಗಳ ಮುಂದೆ ಬೀಳುವದು. ಸೋಯಾಬೀನನ್ನು ಹಸಿಯಾಗಿ ಹಾಕಿದರೆ ಮೈಗೆ ಹತ್ತದೆಂದು ಕುದಿಸಿ, ಒಣಗಿಸಿ, ಕುಟ್ಟಿ ನುಚ್ಚಿನಲ್ಲಿ ಬೆರೆಸುವಳು. ನುಗ್ಗೆಯ ಸೊಪ್ಪು, ಮಜ್ಜಿಗೆಯ ತಿಳಿ ಇವೂ ಉಂಟು.

2021ರ ಜುಲೈ ಕಡೆಯಲ್ಲಿ ಮತ್ತೆ ಹೊಳೆ ಬಂದಿತು. ಮತ್ತೆ ಅದೇ ಟ್ರ್ಯಾಕ್ಟರು, ಅದೇ ತಮ್ಮನ ಮನೆಯ ಮಾಳಿಗೆ. ಈ ಸಲ ಕೋಳಿಯ ಬುಟ್ಟಿಯ ಜೊತೆಗೆ ಕುಟ್ಟಿದ ಸೋಯಾದ ಒಂದು ಡಬ್ಬಿಯೂ ಏರಿತು. ದಿನಕ್ಕೆ ಒಂದು ತಾಸು ಹಿತ್ತಲಿನಲ್ಲಿ ಕೋಲು ಹಿಡಿದು ಬೆಕ್ಕನ್ನು ಕಾಯುತ್ತ ಕುಳಿತವರು ನಾವು. ಮರಿಗಳು 9, ಊರಿಗೆ ಮರಳಿದವೂ 9. ಗಣೇಶನ ಹಬ್ಬವಾದ ಮೇಲೆ ಒಂದು ಮಧ್ಯಾಹ್ನ ಸೊಸೆಯು ಒಂದು ಮರಿಯನ್ನು ಹಿಡಿದು ತಂದು, ರೆಕ್ಕೆಯನ್ನು ಬಿಚ್ಚಿ ನಮ್ಮ ಮುಂದೆ ಹಿಡಿದಳು. ತುದಿಯಿಂದ ಬುಡದವರೆಗೆ ಕಂದು. ಬಿಸಿಲಿಗೆ ಹಿಡಿದು ಓರೆ ಮಾಡಿದಾಗ ಮಾತ್ರ ನಡುವೆ ಕೂದಲೆಳೆಯಂಥ ಒಂದು ಗೆರೆ, ಗರಿಯು ಅಲ್ಲಿ ತೆಳುವಾಗಿ ಬೆಳಕು ತೋರುವಂತೆ. ಅಂಜಿಕೆ, ಹಿಡಿದಾಟ, ಒಂದು ಹೊತ್ತಿನ ಉಪವಾಸ ಇಂಥವುಗಳಿಂದಲೂ ಬೆಳೆಯುವ ಗರಿಯಲ್ಲಿ ಹೀಗೆ ಗೆರೆ ಬೀಳುವದುಂಟೆಂದು ನಮ್ಮ ಬಂಧುಗಳು ಹೇಳಿದ್ದು ನೆನಪಾಯಿತು.

“ಇದ ಟ್ರ್ಯಾಕ್ಟರದಾಗ ಕುಂತ ದಿನಾ ಇರಬೇಕ ನೋಡ್ರಿ ಮಾವಾರ” ಎಂದು ಸೊಸೆಯು ಆ ಗೆರೆಯ ಮೇಲೆ ಉಗುರಿಟ್ಟು ತೋರಿಸಿ, ಮರಿಯನ್ನು ಕೆಳಗೆ ಬಿಟ್ಟಳು.